ಹೆರಿಗೆ ಖರ್ಚಿಗೆ ವಿಮೆ: ಮದುವೆಯ ಹೊತ್ತಿಗೇ ಹಾಕಬೇಕಾದ ಲೆಕ್ಕ

ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ರೈತರಿಗೆ ವಿಮೆ ಎಂಬ ಮಾತು ಹೊಸದಲ್ಲ. ಮುಂಗಾರಿನಲ್ಲಿ ಕಡಲೆಕಾಯಿ ಬಿತ್ತುವವರು ಬೆಳೆ ವಿಮೆಯ ಕಂತು ಕಟ್ಟಿ ಬಲ್ಲರು. ಕಂತು ಕಟ್ಟಲು ಕೊನೆಯ ದಿನಾಂಕವೊಂದಿದೆ, ಅದು ದಾಟಿದರೆ ಹೊಲವೆಲ್ಲ ಒಣಗಿ ನಿಂತರೂ ಒಂದು ಕಾಸೂ ಬಾರದು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೆರಿಗೆಯ ಖರ್ಚು ಕೊಡುವ ಆರೋಗ್ಯ ವಿಮೆಯೂ ಇದೇ ಜಾತಿಯದು. ಸೊಸೆಗೆ ಮೂರು ತಿಂಗಳು ತುಂಬಿದ ಮೇಲೆ ಏಜೆಂಟರನ್ನು ಹುಡುಕಿಕೊಂಡು ಹೋಗುವುದೆಂದರೆ ಒಣಗಿದ ಹೊಲಕ್ಕೆ ವಿಮೆ ಕೇಳಿದಂತೆ.

ಆದರೂ ಬಹುಪಾಲು ಮನೆಗಳಲ್ಲಿ ಈ ಯೋಚನೆ ಬರುವುದು ಆಗಲೇ. ಇಂದು ನಮ್ಮ ರಾಜ್ಯದಲ್ಲಿ ಮನೆಯಲ್ಲಿ ಆಗುವ ಹೆರಿಗೆ ತೀರ ಅಪರೂಪ. 2019-20ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ನೂರರಲ್ಲಿ ಸುಮಾರು 31 ಸಿಸೇರಿಯನ್. ಖಾಸಗಿ ಆಸ್ಪತ್ರೆಗಳನ್ನಷ್ಟೇ ತೆಗೆದುಕೊಂಡರೆ ಅರ್ಧಕ್ಕಿಂತ ಹೆಚ್ಚು ಹೆರಿಗೆಗಳು ಶಸ್ತ್ರಚಿಕಿತ್ಸೆಯಿಂದಲೇ ಆಗುತ್ತಿವೆ. ಹಾಗಾಗಿ ಖಾಸಗಿ ಆಸ್ಪತ್ರೆಯ ಮೆಟ್ಟಿಲು ಹತ್ತುವ ಕುಟುಂಬ ಸಿಸೇರಿಯನ್ ಖರ್ಚಿಗೆ ಸಿದ್ಧವಾಗಿಯೇ ಹೋಗಬೇಕು. ಆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಓದುಗರೇ ಬಲ್ಲರು: ಶಿರಾ ಕಡೆ ಹಟ್ಟಿಯ ಕುರಿ ಸಂತೆಗೆ ಹೋಗುತ್ತದೆ, ಇನ್ನೊಂದು ಕಡೆ ಮಾಂಗಲ್ಯದ ಸರ ಗಿರವಿ ಅಂಗಡಿಗೆ ಹೋಗುತ್ತದೆ, ಎರಡೂ ಇಲ್ಲದವರು ಕೈಸಾಲ ಮಾಡುತ್ತಾರೆ.

ವಿಮೆಯಿಂದ ಇದು ತಪ್ಪುತ್ತದೆಯೇ? ಕೆಲವರಿಗೆ ತಪ್ಪುತ್ತದೆ, ಎಲ್ಲರಿಗೂ ಅಲ್ಲ. ಯಾರಿಗೆ, ಯಾವಾಗ ಎಂಬುದನ್ನು ಬಿಡಿಸಿ ನೋಡೋಣ.

ಮೊದಲು ಬಿಟ್ಟಿ ಸಿಗುವುದನ್ನು ನೋಡಿ

ಹಣ ಕೊಟ್ಟು ಕೊಳ್ಳುವ ಮುನ್ನ ಹಕ್ಕಿನಿಂದ ಬರುವುದು ಎಷ್ಟೆಂದು ತಿಳಿದಿರಬೇಕು. 2011ರ ಜೂನ್ 1ರಂದು ಕೇಂದ್ರ ಸರ್ಕಾರ ಆರಂಭಿಸಿದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಪೂರ್ತಿ ಉಚಿತ. ಸಹಜ ಹೆರಿಗೆಯಾಗಲಿ ಸಿಸೇರಿಯನ್ ಆಗಲಿ, ಔಷಧಿ, ಪರೀಕ್ಷೆ, ಬೇಕಾದರೆ ರಕ್ತ, ಆಸ್ಪತ್ರೆಯಲ್ಲಿರುವಷ್ಟು ದಿನದ ಊಟ (ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನದವರೆಗೆ), ಮನೆಯಿಂದ ಆಸ್ಪತ್ರೆಗೆ, ಅಲ್ಲಿಂದ ದೊಡ್ಡ ಆಸ್ಪತ್ರೆಗೆ, ಕೊನೆಗೆ ಮರಳಿ ಮನೆಗೆ ವಾಹನ, ಇವೆಲ್ಲ ಇದರಲ್ಲಿ ಸೇರಿವೆ. ಇದಕ್ಕೆ ಬಡವ ಬಲ್ಲಿದ ಎಂಬ ಭೇದವಿಲ್ಲ, ರೇಷನ್ ಕಾರ್ಡಿನ ಬಣ್ಣವನ್ನೂ ನೋಡುವುದಿಲ್ಲ. ಕಾಯಿಲೆ ಬಿದ್ದ ಕೂಸಿನ ಚಿಕಿತ್ಸೆ ಮೊದಲು 30 ದಿನದವರೆಗೆ ಮಾತ್ರ ಉಚಿತವಿತ್ತು, ನಂತರ ಒಂದು ವರ್ಷದವರೆಗೆ ವಿಸ್ತರಿಸಲಾಯಿತು. ಕರೆದೊಯ್ಯಲು 108 ವಾಹನವಿದೆ, ಬಾಣಂತಿಯನ್ನು ಮನೆಗೆ ಬಿಡಲು ‘ನಗು-ಮಗು’ ವಾಹನವಿದೆ.

ಕೈಗೆ ಬರುವ ಹಣವೂ ಉಂಟು. ಜನನಿ ಸುರಕ್ಷಾ ಯೋಜನೆಯಲ್ಲಿ ನಮ್ಮ ರಾಜ್ಯದ ಹಳ್ಳಿಯ ಬಿಪಿಎಲ್ ಹಾಗೂ ಪರಿಶಿಷ್ಟ ಜಾತಿ, ಪಂಗಡದ ತಾಯಂದಿರಿಗೆ ಆಸ್ಪತ್ರೆ ಹೆರಿಗೆಗೆ 700 ರೂಪಾಯಿ. ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಅರ್ಹರಿಗೆ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ. ಇದನ್ನು ಅಂಗನವಾಡಿ ಕಾರ್ಯಕರ್ತೆಯಲ್ಲಿ ಕೇಳಿ ಬರೆಸಿಕೊಳ್ಳಬೇಕು. ಪ್ರತಿ ತಿಂಗಳು 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ನಡೆಯುತ್ತದೆ. ಖಾಸಗಿ ವಿಮೆಯಲ್ಲಿ ತಿಂಗಳ ತಪಾಸಣೆಗೂ ಸ್ಕ್ಯಾನಿಂಗಿಗೂ ಬಹುತೇಕ ಹಣ ಕೊಡುವುದಿಲ್ಲವಾದ್ದರಿಂದ ಈ ದಿನವನ್ನು ಮರೆಯಬಾರದು.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಕಾರ್ಡು ಬೇರೆಯೇ ಇದೆ. 2018ರಲ್ಲಿ ಬಂದ ಈ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಎಪಿಎಲ್ ಕುಟುಂಬಕ್ಕೆ ನಿಗದಿತ ವೆಚ್ಚದ ನೂರಕ್ಕೆ 30 ಭಾಗ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಆದರೆ ಸರ್ಕಾರಿ ಆಸ್ಪತ್ರೆಯಲ್ಲೇ ಆಗಬಹುದಾದ ಚಿಕಿತ್ಸೆಗೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಈ ಕಾರ್ಡು ತೋರಿಸಿದರೆ ನಡೆಯುವುದಿಲ್ಲ. ತುರ್ತು ಸಂದರ್ಭ ಬಿಟ್ಟರೆ ಸರ್ಕಾರಿ ವೈದ್ಯರ ಶಿಫಾರಸು ಪತ್ರ ಬೇಕು. “ಕಾರ್ಡಿದೆಯಲ್ಲ” ಎಂದು ನೆಮ್ಮದಿಯಾಗಿದ್ದು, ಕೊನೆಯ ಗಳಿಗೆಯಲ್ಲಿ ತುಮಕೂರಿನ ನರ್ಸಿಂಗ್ ಹೋಮಿಗೆ ಓಡಿದವರು ಪೂರ್ತಿ ಬಿಲ್ಲು ಕಟ್ಟಬೇಕಾಗುವುದು ಇದರಿಂದಲೇ.

ಇನ್ನು ಯಶಸ್ವಿನಿ. ಸಹಕಾರ ಸಂಘಗಳ ಸದಸ್ಯ ರೈತರಿಗಾಗಿ 2003ರ ಜೂನ್‌ನಿಂದ ನಡೆದ ಈ ಯೋಜನೆ ಆಗ ತಲೆಗೆ ವರ್ಷಕ್ಕೆ 60 ರೂಪಾಯಿಯ ಕಂತಿನಿಂದ ಶುರುವಾಯಿತು. ಹಾವು ಕಡಿತ, ಎತ್ತು ತಿವಿತ, ವಿದ್ಯುತ್ ಆಘಾತಗಳ ಜೊತೆಗೆ ಸಹಜ ಹೆರಿಗೆ, ನವಜಾತ ಶಿಶುವಿನ ಆರೈಕೆಯೂ ಹಳೆಯ ಯಶಸ್ವಿನಿಯಲ್ಲಿ ಸೇರಿದ್ದವು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದೊಳಗೆ ಸೇರಿಸಿಬಿಟ್ಟರು. ರೈತರ ಒತ್ತಾಯದ ಮೇಲೆ ಮತ್ತೆ ಜೀವ ಬಂದು 2023ರ ಜನವರಿ 1ರಿಂದ ಹೊಸದಾಗಿ ಜಾರಿಯಾಯಿತು. ಮರುಜಾರಿಯಾದಾಗ ನಾಲ್ಕು ಜನರ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಕಂತು, 5 ಲಕ್ಷದವರೆಗೆ ಚಿಕಿತ್ಸೆ ಎಂದು ಗೊತ್ತುಮಾಡಲಾಯಿತು. ಕೃಷಿ ಪತ್ತಿನ ಸಂಘದಲ್ಲಿ ಅಥವಾ ಹಾಲಿನ ಡೇರಿಯಲ್ಲಿ ಸದಸ್ಯತ್ವವಿದ್ದರೆ ಅಲ್ಲಿಯ ಕಾರ್ಯದರ್ಶಿಯನ್ನು ಮೂರು ಮಾತು ಕೇಳಿ: ಈ ವರ್ಷದ ನೋಂದಣಿ ಯಾವಾಗಿನಿಂದ ಯಾವಾಗಿನವರೆಗೆ, ಈ ವರ್ಷದ ಪಟ್ಟಿಯಲ್ಲಿ ಹೆರಿಗೆ ಮತ್ತು ಸಿಸೇರಿಯನ್ ಇವೆಯೇ, ಯಾವ ಆಸ್ಪತ್ರೆಗಳಲ್ಲಿ. ಬೇರೆ ವಿಮೆ ಮಾಡಿಸಿರುವವರು ಸೇರಬಹುದೇ ಎಂಬುದನ್ನೂ ಆಗಲೇ ಕೇಳಿಕೊಳ್ಳುವುದು ಲೇಸು. ಸೊಸೆಯ ಹೆಸರು ಬರೆಸಲು ಮರೆತರೆ ನೋಂದಣಿ ಮುಗಿದ ಮೇಲೆ ಮುಂದಿನ ವರ್ಷದವರೆಗೆ ಕಾಯಬೇಕಾದೀತು.

ಮಗನೋ ಸೊಸೆಯೋ ಗಾರ್ಮೆಂಟ್ಸ್ ಮುಂತಾದ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದರೆ ಇಎಸ್‌ಐ ಇರುತ್ತದೆ. ತಿಂಗಳ ಸಂಬಳ 21,000 ರೂಪಾಯಿ ಮೀರದವರಿಗೆ ಅನ್ವಯಿಸುವ ಈ ವಿಮೆಯಲ್ಲಿ ಕಾರ್ಮಿಕನ ಹೆಂಡತಿಯ ಹೆರಿಗೆಯ ಚಿಕಿತ್ಸೆಯೂ ಸೇರಿದೆ. ಹೆಣ್ಣುಮಗಳೇ ಕಾರ್ಮಿಕಳಾದರೆ, ಹಿಂದಿನ ಎರಡು ಕಂತಿನ ಅವಧಿಗಳಲ್ಲಿ 70 ದಿನದ ವಂತಿಗೆ ಸಂದಿದ್ದಲ್ಲಿ, ಮೊದಲ ಎರಡು ಮಕ್ಕಳಿಗೆ 26 ವಾರದ ಸಂಬಳವೂ ಸಿಗುತ್ತದೆ. ಇಎಸ್‌ಐ ಇರುವ ಮನೆಯವರು ಹೆರಿಗೆಗೆಂದು ಬೇರೆ ಪಾಲಿಸಿ ಕೊಳ್ಳುವುದು ದಂಡ ಎಂಬುದು ಈ ಲೇಖಕನ ಅಭಿಪ್ರಾಯ. ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಹೋಗುವವರೂ ಕಾರ್ಮಿಕ ಕಲ್ಯಾಣ ಮಂಡಳಿಯ ಕಾರ್ಡು ಮಾಡಿಸಿಕೊಂಡಿದ್ದರೆ ಹೆರಿಗೆ ಸಹಾಯಧನವನ್ನು ವಿಚಾರಿಸಬೇಕು.

ಕಾಗದಪತ್ರದ ಕಷ್ಟ

ಬಿಟ್ಟಿ ಸಿಗುವುದೆಲ್ಲ ಕಾಗದದ ಮೇಲೆ ನಿಂತಿದೆ. 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ನಡೆದುದನ್ನು ಈ ಜಿಲ್ಲೆಯವರು ಮರೆತಿರಲಾರರು. ತಾಯಿ ಕಾರ್ಡು, ಆಧಾರ್ ಇಲ್ಲವೆಂದು ಜಿಲ್ಲಾ ಆಸ್ಪತ್ರೆಯಲ್ಲಿ ಸೇರಿಸಿಕೊಳ್ಳದ ಗರ್ಭಿಣಿಯೊಬ್ಬರು ಮನೆಗೆ ಮರಳಿ, ಅಲ್ಲಿಯೇ ಹೆರಿಗೆಯಾಗಿ, ಅವಳಿ ಕೂಸುಗಳ ಸಮೇತ ಪ್ರಾಣ ಬಿಟ್ಟರು. ವೈದ್ಯರು ಮತ್ತು ದಾದಿಯರ ಅಮಾನತೂ ಆಯಿತು. ಕಾಗದವಿಲ್ಲವೆಂದು ನೋವು ತಿನ್ನುತ್ತಿರುವ ಹೆಂಗಸನ್ನು ಹಿಂದಕ್ಕೆ ಕಳುಹಿಸುವುದು ಅಪರಾಧವೇ ಸರಿ. ಆದರೂ ಆ ನಡುರಾತ್ರಿಯಲ್ಲಿ ವಾದ ಮಾಡುವ ಬದಲು ಕಾಗದ ಕೈಯಲ್ಲಿರುವುದು ಕ್ಷೇಮ. ಬಸಿರು ಎಂದು ತಿಳಿದ ಕೂಡಲೇ ಆಶಾ ಕಾರ್ಯಕರ್ತೆಯ ಬಳಿ ಹೆಸರು ಬರೆಸಿ ತಾಯಿ ಕಾರ್ಡು ಪಡೆಯಬೇಕು.

ಇದರಲ್ಲಿ ನಮ್ಮ ಕಡೆಯ ಒಂದು ತೊಡಕಿದೆ. ಮದುವೆಯಾದ ಹುಡುಗಿಯ ಹೆಸರು ತವರಿನ ರೇಷನ್ ಕಾರ್ಡಿನಿಂದ ತೆಗೆಸಿ ಗಂಡನ ಮನೆಯ ಕಾರ್ಡಿಗೆ ಸೇರಿಸುವುದು ತಡವಾಗುತ್ತದೆ. ಆ ನಡುವೆ ಅವಳು ಎರಡು ಕಾರ್ಡಿನಲ್ಲೂ ಇಲ್ಲದವಳು. ಚೊಚ್ಚಲ ಬಸಿರು ಬರುವುದೂ ಆ ನಡುವೆಯೇ. ಆಧಾರಿನಲ್ಲಿ ತಂದೆಯ ಹೆಸರು, ಬ್ಯಾಂಕ್ ಪಾಸ್‌ಪುಸ್ತಕದಲ್ಲಿ ಒಂದು ಕಾಗುಣಿತ, ತಾಯಿ ಕಾರ್ಡಿನಲ್ಲಿ ಇನ್ನೊಂದು ಇದ್ದರಂತೂ ಸರ್ಕಾರದ ಹಣವೂ ನಿಲ್ಲುತ್ತದೆ, ಖಾಸಗಿ ಕಂಪನಿಯ ಹಣವೂ ನಿಲ್ಲುತ್ತದೆ. ಮದುವೆಯ ಫೋಟೊ ಆಲ್ಬಮ್ಮಿಗೆ ಓಡಾಡುವಷ್ಟು ಕಾಳಜಿಯಿಂದ ಇದಕ್ಕೂ ಓಡಾಡಬೇಕು. ಮದುವೆಯ ನೋಂದಣಿಯನ್ನು ಅದೇ ತಿಂಗಳು ಮಾಡಿಸುವುದು ಒಳ್ಳೆಯದು.

ಹಾಗಾದರೆ ಜನ ಖಾಸಗಿ ಆಸ್ಪತ್ರೆಗೆ ಏಕೆ ಹೋಗುತ್ತಾರೆ? ಭಯದಿಂದ. ಅದನ್ನು ಬರಿಯ ಶೋಕಿ ಎಂದು ತಳ್ಳಿಹಾಕುವಂತಿಲ್ಲ. 2024ರ ಫೆಬ್ರವರಿಯಲ್ಲಿ ಪಾವಗಡದ ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ಹೆಣ್ಣುಮಕ್ಕಳಲ್ಲಿ ಮೂವರು ತೀರಿಕೊಂಡರು. ಅದೇ ವರ್ಷದ ನವೆಂಬರ್‌ನಲ್ಲಿ ಬಳ್ಳಾರಿಯ ಬಾಣಂತಿಯರ ಸರಣಿ ಸಾವು ರಾಜ್ಯವನ್ನೇ ನಡುಗಿಸಿತು. ಇದಲ್ಲದೆ ದೂರವೂ ಒಂದು ಕಾರಣ. ಕೊರಟಗೆರೆಯವರಿಗೆ ತುಮಕೂರು ಹತ್ತಿರ, ಶಿರಾದವರಿಗೆ ಹೆದ್ದಾರಿಯಿದೆ. ಪಾವಗಡದವರಿಗೆ ಜಿಲ್ಲಾ ಆಸ್ಪತ್ರೆ ನೂರು ಕಿಲೋಮೀಟರಿನ ಆಸುಪಾಸು. ರಾತ್ರಿ ಹೆರಿಗೆ ಕಷ್ಟವಾಗಿ ‘ಮುಂದಕ್ಕೆ ಕರಕೊಂಡು ಹೋಗಿ’ ಎಂದರೆ ಸಿಕ್ಕಿದ ಆಸ್ಪತ್ರೆಯೇ ಗತಿ. ಅಂತಹ ರಾತ್ರಿಯ ಬಿಲ್ಲಿಗಾಗಿ ವಿಮೆಯ ಯೋಚನೆ ಮಾಡುವುದು ತಪ್ಪಲ್ಲ.

ಸ್ವಂತ ಪಾಲಿಸಿಯಲ್ಲಿ ಏನಿರುತ್ತದೆ

ಮೊದಲಿಗೇ ಒಂದು ಮಾತು. ಸಾಧಾರಣ ಆರೋಗ್ಯ ಪಾಲಿಸಿಯಲ್ಲಿ ಹೆರಿಗೆ ಇರುವುದಿಲ್ಲ. 1986ರಲ್ಲಿ ಸರ್ಕಾರಿ ಸ್ವಾಮ್ಯದ ಕಂಪನಿಗಳು ಮೆಡಿಕ್ಲೇಮ್ ತಂದಾಗಿನಿಂದಲೂ ಒಂಟಿ ವ್ಯಕ್ತಿಯ ಪಾಲಿಸಿಗಳಲ್ಲಿ ಹೆರಿಗೆಯನ್ನು ಹೊರಗಿಡುವುದೇ ವಾಡಿಕೆ. 2020ರ ಏಪ್ರಿಲ್‌ನಲ್ಲಿ ಎಲ್ಲ ಕಂಪನಿಗಳೂ ಒಂದೇ ನಿಯಮದಲ್ಲಿ ಮಾರಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ತಂದ ‘ಆರೋಗ್ಯ ಸಂಜೀವಿನಿ’ ಪಾಲಿಸಿಯಲ್ಲಿಯೂ ಹೆರಿಗೆ ಇಲ್ಲ. ‘ಎಲ್ಲಾ ಕವರ್ ಆಗುತ್ತೆ ಬಿಡಿ’ ಎಂಬ ಏಜೆಂಟರ ಮಾತಿಗೆ ಇಲ್ಲಿ ಬೆಲೆಯಿಲ್ಲ. ಹೊರಗಿಟ್ಟ ವಿಷಯಗಳ ಪಟ್ಟಿಯಲ್ಲಿ ‘ಹೆರಿಗೆ’ ಎಂಬ ಶೀರ್ಷಿಕೆ ಇದೆಯೇ ನೋಡಬೇಕು. ಇದ್ದರೆ ಸಹಜ ಹೆರಿಗೆ ಮಾತ್ರವಲ್ಲ, ಸಿಸೇರಿಯನ್, ತೊಡಕಿನ ಹೆರಿಗೆ, ಗರ್ಭಪಾತದ ಖರ್ಚು ಎಲ್ಲವೂ ಹೊರಗೇ. ಗರ್ಭಕೋಶದ ಹೊರಗೆ, ನಳಿಕೆಯಲ್ಲಿ ಬಸಿರು ನಿಂತರೆ ಮಾಡುವ ತುರ್ತು ಶಸ್ತ್ರಚಿಕಿತ್ಸೆ ಮಾತ್ರ ಇದಕ್ಕೆ ಅಪವಾದ, ಅದಕ್ಕೆ ಸಾಧಾರಣ ಪಾಲಿಸಿಯೂ ಹಣ ಕೊಡಬೇಕು. ಇದು ಹೆಚ್ಚಿನವರಿಗೆ ತಿಳಿದಿಲ್ಲ.

ಹೆರಿಗೆ ಸೇರಿದ ಪಾಲಿಸಿಗಳು ಬೇರೆ ಇವೆ, ಕಂತೂ ಹೆಚ್ಚು. ಅವುಗಳಲ್ಲಿ ಕಾಯುವ ಅವಧಿ ಎಂಬುದೊಂದಿದೆ. ಪಾಲಿಸಿ ಶುರುವಾಗಿ 9 ತಿಂಗಳು, 2 ವರ್ಷ, 3 ವರ್ಷ, ಹೀಗೆ ಕಂಪನಿಗೊಂದು ಲೆಕ್ಕ. ಆ ಅವಧಿ ಮುಗಿಯುವ ಮುನ್ನ ಆದ ಹೆರಿಗೆಗೆ ಹಣವಿಲ್ಲ. ಕೆಲವು ಪಾಲಿಸಿಗಳಲ್ಲಿ ಗಂಡ ಹೆಂಡತಿ ಇಬ್ಬರೂ ಅಷ್ಟು ಕಾಲ ವಿಮೆಯಲ್ಲಿ ಇದ್ದಿರಬೇಕು. ತಂದೆ ತನ್ನ ಪಾಲಿಸಿಯಲ್ಲಿ ಮಗಳ ಹೆಸರು ಸೇರಿಸಿದ್ದರೆ ಅವಳ ಹೆರಿಗೆಗೆ ಬಹುತೇಕ ಬರುವುದಿಲ್ಲ. ಪಾಲಿಸಿದಾರ ಅಥವಾ ಪಾಲಿಸಿದಾರನ ಹೆಂಡತಿಗೆ ಮಾತ್ರ ಎಂಬ ಷರತ್ತು ಸಾಮಾನ್ಯ. ಸಾಮಾನ್ಯವಾಗಿ ಎರಡು ಹೆರಿಗೆಗೆ ಸೀಮಿತ.

ಈಗ ನಮ್ಮ ಮದುವೆಗಳ ಕಾಲವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಸುಗ್ಗಿ ಮುಗಿದು ಫಾಲ್ಗುಣದಿಂದ ವೈಶಾಖದವರೆಗೆ ಮದುವೆ. ಮರುವರ್ಷದ ಹಬ್ಬಕ್ಕೆ ‘ಏನಾದರೂ ವಿಶೇಷವೇ’ ಎಂದು ನೆಂಟರು ಕೇಳಲಾರಂಭಿಸುತ್ತಾರೆ. ಎರಡು ವರ್ಷದೊಳಗೆ ತೊಟ್ಟಿಲು ತೂಗುವ ಮನೆಗೆ, ಮದುವೆಯ ದಿನವೇ ಪಾಲಿಸಿ ಮಾಡಿಸಿದರೂ, ಎರಡು ವರ್ಷ ಕಾಯಿಸುವ ಪಾಲಿಸಿ ಚೊಚ್ಚಲಿಗೆ ಒದಗದು. ಎರಡನೆಯ ಮಗುವಿಗೆ ಮಾತ್ರ ಲೆಕ್ಕ ಕೂಡಿಬರುತ್ತದೆ. ಹೆರಿಗೆಯಾದ ಮೇಲೆ ಮತ್ತೆ ಬಸಿರಾಗಲು ಕನಿಷ್ಠ ಎರಡು ವರ್ಷದ ಅಂತರವಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆದ್ದರಿಂದ ಮೊದಲ ಮಗುವಿನ ನಾಮಕರಣದ ಹೊತ್ತಿಗೆ ಪಾಲಿಸಿ ಮಾಡಿಸಿದವರಿಗೆ ಕಾಯುವ ಅವಧಿ ತಾನಾಗಿಯೇ ಕಳೆದಿರುತ್ತದೆ.

ಕಂತು, ಮಿತಿ, ಉಳಿಕೆ

ಇನ್ನು ಹಣದ ಲೆಕ್ಕ. ಹೆರಿಗೆಗೆ ಕೊಡುವ ಮೊತ್ತಕ್ಕೆ ಪ್ರತ್ಯೇಕ ಮಿತಿಯಿರುತ್ತದೆ. ಪಾಲಿಸಿ 5 ಲಕ್ಷದ್ದಾದರೂ ಹೆರಿಗೆಗೆ 5 ಲಕ್ಷ ಸಿಗುವುದಿಲ್ಲ. ಕೆಳಗಿನ ಅಂಕಿಗಳು ಲೆಕ್ಕ ತೋರಿಸಲು ಇಟ್ಟುಕೊಂಡವು, ಯಾವ ಕಂಪನಿಯವೂ ಅಲ್ಲ. ಗಂಡ ಹೆಂಡತಿಗೆ ಸಾಧಾರಣ ಪಾಲಿಸಿಯ ಕಂತು ವರ್ಷಕ್ಕೆ 12,000 ರೂಪಾಯಿ, ಹೆರಿಗೆ ಸೇರಿದ್ದಕ್ಕೆ 20,000 ಎನ್ನೋಣ. ಹೆರಿಗೆಗಾಗಿ ಕೊಡುವ ಹೆಚ್ಚುವರಿ 8,000. ಕಾಯುವ ಅವಧಿ 2 ವರ್ಷ. ಮಿತಿ ಸಿಸೇರಿಯನ್‌ಗೆ 40,000, ಸಹಜ ಹೆರಿಗೆಗೆ 25,000.

ಮೂರನೆಯ ವರ್ಷ ಹೆರಿಗೆಯಾದರೆ ಅಷ್ಟರಲ್ಲಿ ಹೆಚ್ಚುವರಿ ಕಂತು 24,000 ಕಟ್ಟಿರುತ್ತೀರಿ. ಸಿಸೇರಿಯನ್ ಆದರೆ 16,000 ಉಳಿಯಿತು. ಸಹಜವಾದರೆ ಉಳಿದದ್ದು ಒಂದು ಸಾವಿರ. ಐದನೆಯ ವರ್ಷವಾದರೆ ಕಟ್ಟಿದ್ದು 40,000, ಸಿಸೇರಿಯನ್ ಆದರೂ ಬಂದದ್ದು ಅಷ್ಟೇ. ಎರಡು ವರ್ಷ ತುಂಬುವ ಮೊದಲೇ ಆದರೆ ಕಟ್ಟಿದ್ದೆಲ್ಲ ಹೋಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಆದರಂತೂ ತೋರಿಸಲು ಬಿಲ್ಲೇ ಇಲ್ಲ, ಹಾಗಾಗಿ ಹಣವೂ ಇಲ್ಲ. ಅದೇ 8,000 ರೂಪಾಯಿಯನ್ನು ಪ್ರತಿ ವರ್ಷ ಅಂಚೆ ಕಚೇರಿಯಲ್ಲಿ ಸೊಸೆಯ ಹೆಸರಿಗೆ ಹಾಕುತ್ತ ಹೋದರೆ ಹೆರಿಗೆ ಯಾವಾಗಲೇ ಆಗಲಿ, ಎಲ್ಲೇ ಆಗಲಿ, ಬಡ್ಡಿಯೊಡನೆ ಕೈಗೆ ಬರುತ್ತದೆ.

ಅಂದರೆ ಸಲೀಸಾದ ಹೆರಿಗೆಯ ಖರ್ಚನ್ನು ವಿಮೆಯಿಂದ ಪಡೆಯುವುದು ನಮ್ಮ ಹಣವನ್ನೇ ನಾವು ಸುತ್ತುಬಳಸಿ ಪಡೆದಂತೆ. ವಿಮೆ ಬೇಕಾಗಿರುವುದು ಇನ್ನೊಂದಕ್ಕೆ. ಹೆರಿಗೆಯಲ್ಲಿ ರಕ್ತಸ್ರಾವವಾಗಿ ತಾಯಿ ತೀವ್ರ ನಿಗಾ ಘಟಕ ಸೇರಿದರೆ, ದಿನ ತುಂಬದ ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿ ಎರಡು ಮೂರು ವಾರ ಇಡಬೇಕಾಗಿ ಬಂದರೆ ಬರುವ ಬಿಲ್ಲು ಎರಡು ಎಕರೆ ಹೊಲವನ್ನು ಕೊಂಡೊಯ್ಯಬಲ್ಲದು. ಆದುದರಿಂದ ಪಾಲಿಸಿ ಆರಿಸುವಾಗ ‘ಹೆರಿಗೆಗೆ ಎಷ್ಟು ಕೊಡುತ್ತೀರಿ’ ಎಂದು ಕೇಳುವುದಕ್ಕಿಂತ ಮೊದಲು ಈ ಎರಡನ್ನು ಕೇಳಬೇಕು. ತಾಯಿಗೆ ತೊಡಕಾದರೆ ಅದರ ಖರ್ಚು ಆ 40,000ದ ಮಿತಿಯೊಳಗೇ ಬರುತ್ತದೆಯೇ, ಅಥವಾ ಪಾಲಿಸಿಯ ಪೂರ್ತಿ 5 ಲಕ್ಷ ಅದಕ್ಕೆ ದೊರೆಯುತ್ತದೆಯೇ? ಹುಟ್ಟಿದ ಕೂಸಿಗೆ ಮೊದಲ ದಿನದಿಂದಲೇ ರಕ್ಷಣೆಯಿದೆಯೇ, ಅದರ ಮಿತಿ ಎಷ್ಟು? ಎಷ್ಟೋ ಪಾಲಿಸಿಗಳಲ್ಲಿ ಕೂಸನ್ನು ಸೇರಿಸಿಕೊಳ್ಳುವುದು 90 ದಿನ ತುಂಬಿದ ಮೇಲೆ. ಗಾಜಿನ ಪೆಟ್ಟಿಗೆಯ ಕಾಲವೆಲ್ಲ ಅಷ್ಟರಲ್ಲಿ ಮುಗಿದಿರುತ್ತದೆ. ಹೆರಿಗೆಗೆ 60,000 ಕೊಟ್ಟು ಕೂಸನ್ನು ಬಿಟ್ಟುಬಿಡುವ ಪಾಲಿಸಿಗಿಂತ ಹೆರಿಗೆಗೆ 25,000 ಕೊಟ್ಟು ಕೂಸಿಗೆ ಮೊದಲ ದಿನದಿಂದ ಪೂರ್ತಿ ರಕ್ಷಣೆ ಕೊಡುವುದೇ ಮೇಲು.

ಈ ದೃಷ್ಟಿಯಿಂದ ನೋಡಿದರೆ ಇಂತಹ ಪಾಲಿಸಿ ಯಾರಿಗೆ ತಕ್ಕುದು? ಬಿಪಿಎಲ್ ಕಾರ್ಡಿಲ್ಲದ, ಹೇಗಿದ್ದರೂ ಖಾಸಗಿ ಆಸ್ಪತ್ರೆಗೇ ಹೋಗುವ ಮನೆಗಳಿಗೆ. ಕೊರಟಗೆರೆ ಕಡೆಯ ಅಡಿಕೆ ತೋಟದವರು, ಪಾವಗಡದ ತಿರುಮಣಿ ಸುತ್ತ ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟು ವರ್ಷಕ್ಕೊಮ್ಮೆ ಬಾಡಿಗೆ ಪಡೆಯುವವರು ಇಂತಹವರು. ಮೂರು ವರ್ಷ ತಪ್ಪದೆ ಕಂತು ಕಟ್ಟುವ ಶಕ್ತಿ ಇರಬೇಕು. ಮಳೆಯಾಶ್ರಯದ ಎರಡು ಎಕರೆಯವರು ಯಶಸ್ವಿನಿ, ತಾಯಿ ಕಾರ್ಡು, ಅಂಚೆ ಕಚೇರಿಯ ಪುಸ್ತಕ ಈ ಮೂರನ್ನು ಸರಿಯಾಗಿಟ್ಟುಕೊಂಡರೆ ಸಾಕು.

ಕಂತಿನ ತಿಂಗಳು ಯಾವುದಿರಬೇಕು

ಇದನ್ನು ಯಾವ ಏಜೆಂಟರೂ ಹೇಳುವುದಿಲ್ಲ, ರೈತನಿಗೆ ಮಾತ್ರ ಇದು ಮುಖ್ಯ. ಪಾಲಿಸಿ ಶುರುವಾದ ದಿನಾಂಕವೇ ಪ್ರತಿ ವರ್ಷ ಕಂತು ಕಟ್ಟುವ ದಿನಾಂಕ. ಮದುವೆಯ ಗಡಿಬಿಡಿಯಲ್ಲಿ ಮೇ ತಿಂಗಳಲ್ಲಿ ಮಾಡಿಸಿದರೆ ಪ್ರತಿ ವರ್ಷ ಬಿತ್ತನೆ ಬೀಜ, ಗೊಬ್ಬರಕ್ಕೆ ಹಣ ಹೊಂದಿಸುವ ಹೊತ್ತಿಗೇ ಕಂತೂ ಬರುತ್ತದೆ. ವಾರ್ಷಿಕ ಕಂತಿಗೆ 30 ದಿನದ ರಿಯಾಯಿತಿ ಕಾಲವಿದೆ. ಅದೂ ದಾಟಿದರೆ ಪಾಲಿಸಿ ಸತ್ತಂತೆ. ಹೊಸದಾಗಿ ಮಾಡಿಸಿದರೆ ಕಾಯುವ ಅವಧಿ ಮತ್ತೆ ಒಂದರಿಂದ ಶುರು. ಎರಡು ವರ್ಷ ಕಟ್ಟಿ ಮೂರನೆಯದನ್ನು ತಪ್ಪಿಸಿದವನು ಎಲ್ಲವನ್ನೂ ಕಳೆದುಕೊಂಡಂತೆಯೇ. ಆದುದರಿಂದ ಕಡಲೆಕಾಯಿ ಮಾರಿ ಹಣ ಬರುವ ಕಾರ್ತಿಕ ಮಾಸದ ಸುಮಾರಿಗೆ ಪಾಲಿಸಿ ಶುರುವಾಗುವಂತೆ ನೋಡಿಕೊಳ್ಳುವುದು ಜಾಣತನ. ಗುತ್ತಿಗೆ ಹಣ ಬರುವವರು ಆ ತಿಂಗಳಿಗೆ ಹೊಂದಿಸಿಕೊಳ್ಳಲಿ. ತಿಂಗಳಿಗೆ, ಮೂರು ತಿಂಗಳಿಗೆ ಕಟ್ಟುವ ಪಾಲಿಸಿಗಳೂ ಇವೆ, ತಿಂಗಳ ಕಂತಿಗೆ ರಿಯಾಯಿತಿ ಕಾಲ ಮಾತ್ರ 15 ದಿನ. ಒಂದು ಸಮಾಧಾನವೆಂದರೆ 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲೆ ನೂರಕ್ಕೆ 18ರಷ್ಟಿದ್ದ ಜಿಎಸ್‌ಟಿಯನ್ನು ತೆಗೆದುಹಾಕಲಾಗಿದೆ. ಹಳೆಯ ಚೀಟಿ ತೋರಿಸಿ ತೆರಿಗೆ ಸೇರಿಸಿ ಕೇಳಿದರೆ ಕೊಡಬೇಡಿ.

ತವರಿನ ಹೆರಿಗೆ

ಚೊಚ್ಚಲ ಹೆರಿಗೆ ತವರಿನಲ್ಲಿ. ಪಾಲಿಸಿ ಮಾಡಿಸುವುದು ಗಂಡನ ಮನೆಯವರು, ಅವರು ಕೇಳುವುದು ತಮ್ಮೂರಿನ ಆಸ್ಪತ್ರೆಯನ್ನು. ಹುಡುಗಿಯ ತವರು ಮಧುಗಿರಿಯ ಹಳ್ಳಿಯಾಗಿರಬಹುದು, ಗಡಿಯಾಚೆ ಮಡಕಶಿರಾ, ಹಿಂದೂಪುರದ ಕಡೆಯೂ ಆಗಿರಬಹುದು. ಕಂಪನಿಯ ಪಟ್ಟಿಯಲ್ಲಿ ತವರಿನ ಹತ್ತಿರದ ಆಸ್ಪತ್ರೆ ಇಲ್ಲದಿದ್ದರೆ ಕೈಯಿಂದ ಹಣ ಕಟ್ಟಿ ಆಮೇಲೆ ಬಿಲ್ಲು ಕಳುಹಿಸಿ ಪಡೆಯಬೇಕಾಗಬಹುದು. ಆಗ ಸಾಲ ಮಾಡುವುದು ತಪ್ಪಲಿಲ್ಲ. ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲೂ ಮುಂಗಡ ಹಣವಿಲ್ಲದೆ ಚಿಕಿತ್ಸೆ ಕೊಡಿಸುವ ಏರ್ಪಾಡನ್ನು ವಿಮಾ ಕಂಪನಿಗಳು 2024ರ ಜನವರಿಯಲ್ಲಿ ಪ್ರಕಟಿಸಿವೆ. ಆದರೆ ಸೇರುವ 48 ಗಂಟೆ ಮೊದಲು, ತುರ್ತಾದರೆ ಸೇರಿದ 48 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು, ಆಸ್ಪತ್ರೆಯೂ ಒಪ್ಪಬೇಕು. ಸೀಮಂತಕ್ಕೆ ಹೋದಾಗಲೇ ಬೀಗರ ಊರಿನ ಆಸ್ಪತ್ರೆಯಲ್ಲಿ ಇದನ್ನು ವಿಚಾರಿಸಿ ಬರುವುದು ಸೂಕ್ತ.

ಸಣ್ಣ ನರ್ಸಿಂಗ್ ಹೋಮುಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ವಿಮೆಯ ನಿಯಮದಲ್ಲಿ ‘ಆಸ್ಪತ್ರೆ’ ಎನಿಸಿಕೊಳ್ಳಲು ಕಾನೂನಿನಂತೆ ನೋಂದಣಿಯಾಗಿರಬೇಕು, ಇಲ್ಲವೇ ನಮ್ಮಂತಹ ಊರುಗಳಲ್ಲಿ ಕನಿಷ್ಠ 10 ಹಾಸಿಗೆ, ಹಗಲಿರುಳು ದಾದಿ ಮತ್ತು ವೈದ್ಯರು, ಶಸ್ತ್ರಚಿಕಿತ್ಸಾ ಕೊಠಡಿ, ರೋಗಿಗಳ ದಿನಚರಿ ದಾಖಲೆ ಇರಬೇಕು. ನಾಲ್ಕು ಹಾಸಿಗೆಯ, ನೋಂದಣಿಯಿಲ್ಲದ ಕಡೆ ಹೆರಿಗೆ ಮಾಡಿಸಿದರೆ ಬಿಲ್ಲು ತಿರಸ್ಕಾರವಾಗುವ ಸಂಭವವಿದೆ.

ಅರ್ಜಿ ತುಂಬುವಾಗ ರಕ್ತದೊತ್ತಡ, ಸಕ್ಕರೆ, ಥೈರಾಯಿಡ್, ಹಿಂದಿನ ಗರ್ಭಪಾತ ಯಾವುದನ್ನೂ ಮುಚ್ಚಿಡಬಾರದು. ಬಸಿರಿದ್ದರೆ ಅದನ್ನೂ. ಏಜೆಂಟರೇ ಎಲ್ಲಕ್ಕೂ ‘ಇಲ್ಲ’ ಎಂದು ಬರೆದು ಸಹಿ ಹಾಕಿಸಿಕೊಂಡರೆ ಹೊಣೆ ಸಹಿ ಹಾಕಿದವರದು. ಪಾಲಿಸಿಯ ಜೊತೆ ಮುಖ್ಯ ಷರತ್ತುಗಳ ಸಾರಾಂಶದ ಹಾಳೆಯೊಂದನ್ನು ಕಂಪನಿ ಕೊಡಬೇಕು. 2024ರ ಜನವರಿಯಿಂದ, ಕೇಳಿದರೆ ಅದನ್ನು ನಮ್ಮ ಭಾಷೆಯಲ್ಲಿ ಕೊಡಬೇಕೆಂಬ ನಿಯಮವಿದೆ. ಕನ್ನಡದಲ್ಲೇ ಕೊಡಿ ಎಂದು ಬರೆದು ಕೇಳಿ. ಓದಿ ನೋಡಿದ ಮೇಲೆ ಒಪ್ಪಿಗೆಯಾಗದಿದ್ದರೆ ಪಾಲಿಸಿ ಕೈಸೇರಿದ 30 ದಿನದೊಳಗೆ ಹಿಂತಿರುಗಿಸಬಹುದು. ಸಣ್ಣಪುಟ್ಟ ವೆಚ್ಚ ಕಳೆದು ಕಂತು ವಾಪಸು ಬರುತ್ತದೆ.

ಹಣ ಕೊಡಲು ಕಂಪನಿ ಸತಾಯಿಸಿದರೆ ಮೊದಲು ಆ ಕಂಪನಿಗೇ ಲಿಖಿತ ದೂರು ಕೊಟ್ಟು ಅದರ ಪ್ರತಿ ಇಟ್ಟುಕೊಳ್ಳಬೇಕು. ವಿಮಾ ನಿಯಂತ್ರಣ ಪ್ರಾಧಿಕಾರದ ಉಚಿತ ದೂರವಾಣಿ ಸಂಖ್ಯೆ 155255. ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಅರ್ಜಿಯ ಜೊತೆ ಪಾಲಿಸಿಯ ಪ್ರತಿ, ತಾಯಿ ಕಾರ್ಡು, ಆಸ್ಪತ್ರೆಯಿಂದ ಬಿಡುಗಡೆಯ ಚೀಟಿ, ಬಿಲ್ಲುಗಳು, ಕಂಪನಿಯ ತಿರಸ್ಕಾರ ಪತ್ರ ಇವಿಷ್ಟನ್ನು ಇಡಬೇಕು. ಬಿಲ್ಲುಗಳ ಅಸಲನ್ನು ಕಂಪನಿಗೆ ಕೊಡುವ ಮುನ್ನ ಜೆರಾಕ್ಸ್ ತೆಗೆಸಿಕೊಂಡಿರಬೇಕು.